ನೆತ್ತಿ ತೆರೆದ ಟೋಪಿಗಳು

ಒಂಬತ್ತು ಟೋಪಿಗಳ ನೆತ್ತಿಯನ್ನೂ ನಾನು ಮುಚ್ಚದೆ ಬಿಟ್ಟಿದ್ದೆ. ಮರೆತಿದ್ದರಿಂದಲ್ಲ.

ಬಣಕಲ್ ಹತ್ತಿರದ ಈ ಎಸ್ಟೇಟಿನಲ್ಲಿ ಸಂಕ್ರಾಂತಿ ಹೊತ್ತಿಗೆ ಬೆಳಗಿನ ಮಂಜು ಹತ್ತು ಗಂಟೆಯಾದರೂ ಕಾಫಿ ಕಣ ಬಿಟ್ಟು ಏಳುವುದಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷವೇ ನಾನು ಎಳ್ಳು ಬೀರುವ ತಟ್ಟೆಯಲ್ಲಿ ಸಕ್ಕರೆ ಅಚ್ಚು, ಕಬ್ಬಿನ ತುಂಡಿನ ಪಕ್ಕ ನಾನೇ ಹೆಣೆದ ಟೋಪಿಯನ್ನೋ ಮಫ್ಲರನ್ನೋ ಇಡತೊಡಗಿದೆ. ಆ ವರ್ಷ ನೆಂಟರು ನಕ್ಕರು. ಮೂರನೆಯ ವರ್ಷ ಬಣ್ಣ ಹೇಳಿ ಕಳಿಸಿದರು.

ಹೋದ ಆಗಸ್ಟ್‌ನಲ್ಲಿ ನನ್ನ ಗಂಡ ರಾಜೀವ್ ತೀರಿಕೊಂಡ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಜೀಪಿನ ಮೇಲೆ ಮರ ಬಿತ್ತು. ಅವನಿಗೆಂದು ಹೆಣೆಯುತ್ತಿದ್ದ ಹಸಿರು ಸ್ವೆಟರ್‌ನಲ್ಲಿ ಒಂದು ತೋಳು ಬಾಕಿಯಿತ್ತು. ಅಕ್ಟೋಬರ್‌ನಲ್ಲಿ ಅದನ್ನು ಬಿಚ್ಚಿದೆ. ಉಲ್ಲನ್ ತೊಳೆದು, ಕುರ್ಚಿಯ ಬೆನ್ನಿಗೆ ಸುತ್ತಿ, ಸುಕ್ಕು ಹೋಗುವವರೆಗೆ ಒಲೆಯ ಹತ್ತಿರ ಒಣಗಿಸಿದೆ. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಆ ತಿಂಗಳುಗಳಲ್ಲಿ ಎಣಿಸುವುದೊಂದೇ ನನ್ನಿಂದ ಆಗುತ್ತಿತ್ತು. ಅದೇ ಉಲ್ಲನ್ನಿನಲ್ಲಿ ಸಂಕ್ರಾಂತಿಯ ಟೋಪಿಗಳನ್ನು ಹೆಣೆಯತೊಡಗಿದೆ, ಒಂದು ಟೋಪಿಗೆ ಎಂಬತ್ತು ಕುಣಿಕೆ. ಎಣಿಸುತ್ತಾ ಇದ್ದರೆ ಹೊತ್ತು ಹೋಗುತ್ತಿತ್ತು.

ಡಿಸೆಂಬರ್‌ನಲ್ಲಿ ಒಂದು ದಿನ ಅತ್ತೆ ಸಾವಿತ್ರಮ್ಮ ಪಕ್ಕದಲ್ಲಿ ಕೂತು ನಾನು ಹೆಣೆಯುತ್ತಿದ್ದ ಟೋಪಿಯನ್ನು ಸವರಿ ನೋಡಿದರು.

"ಚೆನ್ನಾಗಿ ಬಂದಿದೆ. ಉಲ್ಲನ್ ಹಾಳಾಗ್ಲಿಲ್ಲ, ಒಳ್ಳೇದಾಯ್ತು. ಈ ಸಲ ನೀನು ಹೆಣಿ ಕೃತಿಕಾ, ಕೊಡೋದು ಗಗನಾ ಕೊಡ್ತಾಳೆ."

ಗಗನಾ ನನ್ನ ಮೈದುನನ ಹೆಂಡತಿ. ಅವಳ ಮಗುವಿಗೆ ಇದು ಮೊದಲ ಸಂಕ್ರಾಂತಿ. ಹಬ್ಬದ ದಿನ ಮಗುವನ್ನು ಮಣೆಯ ಮೇಲೆ ಕೂರಿಸಿ ಮುತ್ತೈದೆಯರು ತಲೆಗೆ ಎಲಚಿಹಣ್ಣು ಎರೆಯುತ್ತಾರೆ. ಅಲ್ಲಿಗೆ ನನ್ನ ಟೋಪಿ ಬರಬಹುದು, ನನ್ನ ಕೈ ಬರಬಾರದು.

"ಹೂಂ," ಎಂದೆ. ಆಗ ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ.

ರಾತ್ರಿಯಿಡೀ ಯೋಚಿಸಿದೆ ಎಂದೆಲ್ಲ ಹೇಳಲಾರೆ. ಮಾರನೆಯ ದಿನ ಎಂಬತ್ತು ಕುಣಿಕೆ ಕಡಿಮೆಯಾಗುತ್ತಾ ಮೊದಲ ಟೋಪಿಯ ತುದಿಗೆ ಬಂದಾಗ ಕೊನೆಯ ಎಂಟು ಉಳಿದವು. ಉಲ್ಲನ್ನಿನ ತುದಿಯನ್ನು ಅವುಗಳಲ್ಲಿ ತೂರಿಸಿ ಬಿಗಿದರೆ ಮುಗಿಯಿತು. ಕೈ ನಿಂತಿತು. ಎಂಟನ್ನೂ ಒಂದು ಬಿಳಿ ನೂಲಿನ ದಾರಕ್ಕೆ ಪೋಣಿಸಿ ಹಾಗೇ ಬಿಟ್ಟೆ. ಉಳಿದ ಎಂಟು ಟೋಪಿಗಳಿಗೂ ಹಾಗೇ ಮಾಡಿದೆ.

ಮೊಂಡು ಸೂಜಿ ಕೊಳ್ಳಲು ಬಣಕಲ್‌ನ ಕುಲ್ಸುಮ್ ಅಂಗಡಿಗೆ ಹೋದೆ. ಟೋಪಿಗಳಿದ್ದ ನನ್ನ ಚೀಲದೊಳಗೆ ಇಣುಕಿ ಅವರು ನಕ್ಕರು. "ಇದೆಂತ ಮಾರಾಯ್ತಿ, ಎಲ್ಲಾ ತೂತಾಗಿದೆ! ಯಾವಾಗ ಮುಚ್ತೀರಿ?"

"ಹಾಕ್ಕೊಳ್ಳೋರ ತಲೆ ಮೇಲೆ."

ಅವರು ನನ್ನ ಮುಖ ನೋಡಿದರು. ಎರಡು ಸೂಜಿ ಕೊಟ್ಟರು. "ಒಂದು ಕಳೆದ್ರೆ ಇನ್ನೊಂದಿರ್ಲಿ. ಅವತ್ತು ಹುಡುಕ್ತಾ ಕೂರ್ಬೇಡಿ."

ಸಂಕ್ರಾಂತಿಯ ದಿನ ನನಗೆ ಅಡುಗೆಮನೆಯಲ್ಲಿ ಹಾಲು ಕಾಯಿಸುವ ಕೆಲಸ. ಹಾಲ್‌ನಲ್ಲಿ ಎಳ್ಳಿಗೆ ಬಂದ ಏಳು ಜನ ಹೆಂಗಸರು. ಹಣ್ಣೆರೆದದ್ದು ಕೇಳಿಸಿತು. ಎಲಚಿಹಣ್ಣು ನೆಲದ ಮೇಲೆ ಉರುಳಿತು, ಮಗು ಕೇಕೆ ಹಾಕಿತು. ಆಮೇಲೆ ಗಗನಾ ಟೋಪಿಗಳ ತಟ್ಟೆ ಹಿಡಿದು ಹೊರಟಳು. ಮೊದಲನೆಯದು ಸಂಸೆಯಿಂದ ಬಂದಿದ್ದ ಪ್ರೇಮಕುಮಾರಿ ಚಿಕ್ಕಮ್ಮನಿಗೆ. ಇದ್ದದ್ದನ್ನು ಇದ್ದ ಹಾಗೇ ಹೇಳುವವರು.

"ಸಾವಿತ್ರಕ್ಕಾ, ಇದಕ್ಕೆ ಮೇಲೆ ಕಿಂಡಿ ಬಿಟ್ಟಿದ್ದಾರಲ್ಲ! ಹೊಗೆ ಹೋಗ್ಲಿ ಅಂತಲಾ?"

ಎಲ್ಲರೂ ನಕ್ಕರು. "ನಿನ್ನ ತಲೆಗೆ ಬೇಕದು, ಯಾವಾಗ್ಲೂ ಬಿಸಿ," ಎಂದರು ಯಾರೋ.

"ಈ ಬಿಳಿ ದಾರ ಎಳೆದ್ರೆ ಮುಚ್ಚುತ್ತೇನೋ ಚಿಕ್ಕಮ್ಮ," ಎಂದಳು ಗಗನಾ.

ಎಳೆದಳು. ದಾರ ಕೈಗೇ ಬಂತು. ಎಂಟು ಕುಣಿಕೆಗಳೂ ಬಾಯಿಬಿಟ್ಟು ಸಾಲು ಸಾಲಾಗಿ ಕೆಳಗೆ ಓಡಿದವು. ನಾನು ನೋಡಲಿಲ್ಲ, "ಅಯ್ಯೋ" ಎಂದದ್ದು ಕೇಳಿಸಿತು.

ಅತ್ತೆ ಆ ಟೋಪಿ ಹಿಡಿದು ಅಡುಗೆಮನೆಗೆ ಬಂದರು. "ಏನಿದು?"

"ಕೊನೆಯ ಎಂಟು ಕುಣಿಕೆ ಬಾಕಿ ಇದೆ. ಹಾಕ್ಕೊಳ್ಳೋರ ತಲೆ ಮೇಲಿಟ್ಟೇ ಮುಚ್ಚಬೇಕು."

ಹಾಗೊಂದು ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ನಾನು ಮಾಡಿದ್ದು. ಅವರ ನಿಯಮವನ್ನೂ ಯಾರೋ ಮಾಡಿದ್ದೇ ತಾನೆ?

"ಇಲ್ಲೇ ಮುಚ್ಚಿಕೊಡು. ತಗೊಂಡು ಹೋಗ್ತೀನಿ."

"ಇಲ್ಲ ಅತ್ತೆ."

"ಹಬ್ಬದ ದಿನ ಹಟ ಮಾಡ್ತಿದೀಯಾ?"

"ಹೌದು."

ಅವರು ದನಿ ತಗ್ಗಿಸಿದರು. "ಒಬ್ಬ ಮಗನ್ನ ಕಳ್ಕೊಂಡಿದೀನಿ ಕಣೇ. ಆ ಮಗುಗೆ ಏನಾದ್ರೂ ಆದ್ರೆ?"

"ಅದು ಘಾಟಿಯಲ್ಲಿ ಆಗಿದ್ದು ಅತ್ತೆ. ನನ್ನ ಕೈಯಿಂದ ಆಗಿದ್ದಲ್ಲ."

ಐದು ತಿಂಗಳಲ್ಲಿ ಅವನ ಸಾವಿನ ಬಗ್ಗೆ ನಾನು ಆಡಿದ ಮೊದಲ ಮಾತು ಅದು. ಹಾಲಿನ ಒಲೆ ಆರಿಸಿದೆ. ಅವರ ಕೈಯಿಂದ ಟೋಪಿ ತೆಗೆದುಕೊಂಡು ಹಾಲ್‌ಗೆ ಹೋದೆ.

ಕಿಟಕಿಯ ಬಳಿ ಕೂತು ಓಡಿದ ಕುಣಿಕೆಗಳನ್ನು ಹೆಣಿಗೆ ಕಡ್ಡಿಗೆ ಎತ್ತಿಕೊಂಡು ನಾಲ್ಕು ಸಾಲು ಮತ್ತೆ ಹೆಣೆದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ನೋಡಲಿ ಎಂದು ನಿಧಾನವಾಗಿಯೇ ಮಾಡಿದೆ. ಎಂಟಕ್ಕೆ ಬಂದು ಸೂಜಿಗೆ ಉಲ್ಲನ್ ಪೋಣಿಸಿ ತಲೆಯೆತ್ತಿದೆ.

"ಯಾರದ್ದು ಮೊದಲು?"

ಬಂದವರಲ್ಲೊಬ್ಬರಾದ ರುಕ್ಮಿಣಮ್ಮ ತಮಗೆಂದು ಎತ್ತಿಕೊಂಡಿದ್ದ ಟೋಪಿಯನ್ನು ತಟ್ಟೆಗೆ ವಾಪಸ್ ಇಟ್ಟು, ಎಳ್ಳಿನ ಪೊಟ್ಟಣ ಮಾತ್ರ ಸೆರಗಿಗೆ ಕಟ್ಟಿಕೊಂಡು ಬಾಗಿಲ ಕಡೆ ನಡೆದರು. ನಾನು ಕರೆಯಲಿಲ್ಲ.

"ನಂದೇ ಮಾರಾಯ್ತಿ," ಎಂದರು ಪ್ರೇಮಕುಮಾರಿ ಚಿಕ್ಕಮ್ಮ. ಬಂದು ನನ್ನ ಮುಂದೆ ಚಕ್ಕಳಮಕ್ಕಳ ಕೂತು ತಲೆ ಬಗ್ಗಿಸಿದರು. "ನನ್ನ ಹೊಗೆಕಿಂಡಿ ಮುಚ್ಚು. ಚಳಿ ಹೊಡೀತಿದೆ."

ಟೋಪಿಯನ್ನು ಅವರ ತಲೆಗಿಟ್ಟು, ಉಲ್ಲನ್ ತೂರಿಸಿ, ಎಳೆದು, ಗಂಟು ಹಾಕಿದೆ. ಎಳ್ಳುಬೆಲ್ಲ ನನ್ನ ಕೈಯಿಂದಲೇ ಕೊಟ್ಟೆ. ಅವರು ಅಲ್ಲೇ ಬಾಯಿಗೆ ಹಾಕಿಕೊಂಡು, "ಕೊಬ್ಬರಿ ಕಮ್ಮಿಯಾಗಿದೆ," ಎಂದರು.

ಆಮೇಲೆ ಒಬ್ಬೊಬ್ಬರೇ ಬಂದರು. ಒಬ್ಬರು ಮುಖ ಅತ್ತ ತಿರುಗಿಸಿಕೊಂಡೇ ಕೂತರು. ಅವರದನ್ನೂ ಮುಚ್ಚಿದೆ. ತಟ್ಟೆಯಲ್ಲಿ ಮೂರು ಉಳಿದವು. ರುಕ್ಮಿಣಮ್ಮನದು, ಅತ್ತೆಯದು, ಅಂಗೈಯಗಲದ ಒಂದು ಪುಟ್ಟದು.

ಗಗನಾ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಅಡುಗೆಮನೆಯ ಹೊಸ್ತಿಲಲ್ಲಿದ್ದ ಅತ್ತೆಯನ್ನು ನೋಡಿದಳು. ಅತ್ತೆ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಗಗನಾಳಿಗೆ ಹೆದರಿಕೆಯಿತ್ತು, ಅದು ಕಾಣುತ್ತಿತ್ತು. ಅವಳು ಒಲ್ಲೆ ಎಂದಿದ್ದರೆ ನಾನು ಅವಳನ್ನು ದೂರುತ್ತಿರಲಿಲ್ಲ. ಆದರೆ ಆ ಟೋಪಿಯನ್ನು ಬೇರೆಯವರ ಕೈಯಲ್ಲಿ ಕೊಟ್ಟು ಕಳಿಸುತ್ತಲೂ ಇರಲಿಲ್ಲ.

ಅವಳು ಬಂದು ಎದುರು ಕೂತಳು.

"ಮೊದ್ಲು ಕೈ ಬೆಚ್ಚಗೆ ಮಾಡ್ಕೋ ಅಕ್ಕ. ತಣ್ಣಗಿದ್ರೆ ಮಗು ಬೆಚ್ಚಿಬೀಳುತ್ತೆ."

ಅಂಗೈಗಳನ್ನು ಉಜ್ಜಿಕೊಂಡೆ. ಅವು ಅಷ್ಟು ತಣ್ಣಗಿದ್ದದ್ದು ಆಗಲೇ ನನಗೆ ಗೊತ್ತಾದದ್ದು. ಟೋಪಿ ಇಟ್ಟೆ. ಕಿಂಡಿಯೊಳಗೆ ಮಗುವಿನ ನೆತ್ತಿ ಮೆಲ್ಲನೆ ಮಿಡಿಯುತ್ತಿತ್ತು. ಎಂಟು ಕುಣಿಕೆಗಳನ್ನು ಎಣಿಸಿ ಮುಚ್ಚಿದೆ. ಮಗು ನನ್ನ ಸೂಜಿಯ ಉಲ್ಲನ್ ಹಿಡಿದು ಎಳೆಯಿತು.

ಇದಾಗಿ ಹನ್ನೆರಡು ದಿನ. ಅತ್ತೆ ಬೆಳಗ್ಗೆ ತಲೆಗೆ ಸೆರಗು ಹೊದ್ದು ಕಣಕ್ಕೆ ಹೋಗುತ್ತಾರೆ, ಕೆಮ್ಮುತ್ತಾ ಬರುತ್ತಾರೆ. ಅವರ ಟೋಪಿಯನ್ನು ನಾನು ಬಚ್ಚಿಟ್ಟಿಲ್ಲ. ಹಾಲ್‌ನ ಮೊಳೆಗೇ ನೇತುಹಾಕಿದ್ದೇನೆ, ಬಿಳಿ ದಾರದ ಸಮೇತ. ನಿನ್ನೆ ಅವರು ಅದನ್ನು ಮುಟ್ಟಿ ನೋಡಿದರು. ದಾರ ಎಳೆಯಲಿಲ್ಲ.

ಅವರು ಬಂದು ಕೂತರೆ ಎರಡು ನಿಮಿಷದ ಕೆಲಸ. ಕೂರುವವರೆಗೆ ಮುಚ್ಚುವುದಿಲ್ಲ.