ಗರಗಸ ಶುರುವಾಗುವ ಮೊದಲು

ಕಂಪ್ಯೂಟರಿನೊಳಗಿನ ಹೊಸ ಕಾರ್ಡಿನ ಎರಡು ಫ್ಯಾನುಗಳಲ್ಲಿ ಎಡಗಡೆಯದಕ್ಕೇ ಹೆಚ್ಚು ಪುಡಿ ಕೂರುತ್ತದೆ, ಬಲಗಡೆಯದು ಇನ್ನೂ ಅಂಗಡಿಯ ಹೊಳಪಿನಲ್ಲೇ ಇದೆ, ನಾಲ್ಕೇ ದಿನಕ್ಕೆ ಈ ಗತಿ, ಮರಗೆಲಸದ ಶೆಡ್ಡಿನಲ್ಲಿ ಹೊಸತು ಎಷ್ಟು ದಿನ ತಾನೇ ಹೊಸತಾಗಿರುತ್ತದೆ – ಅವಳು ಒಂದಿಂಚಿನ ಪೇಂಟ್ ಬ್ರಷ್ಷನ್ನು ಎಸಳುಗಳ ಸಂದಿಗೆ ತೂರಿಸಿ, ಉಸಿರು ಬಿಗಿಹಿಡಿದು, ಒಂದೊಂದನ್ನೇ ಮೇಲಿನಿಂದ ಕೆಳಕ್ಕೆ ಗುಡಿಸುತ್ತಾಳೆ, ಆರು ವರ್ಷದಿಂದ ದಿನಾ ಬೆಳಿಗ್ಗೆ ಇದೇ ಕೆಲಸ, ಯಾರೂ ಹೇಳಿದ್ದಲ್ಲ, ಯಾರೂ ನೋಡಿದ್ದೂ ಅಲ್ಲ, ಕಂಪ್ಯೂಟರಿನ ಪಕ್ಕದ ತಗಡು ಯಾವತ್ತೋ ಬಿಚ್ಚಿದ್ದು ಹಾಗೇ ಗೋಡೆಗೆ ಒರಗಿದೆ, ಮುಚ್ಚಿದರೆ ಬಿಸಿಯಾಗಿ ನಿಂತುಬಿಡುತ್ತದೆ, ಅದೂ ಅವಳಿಗೆ ಮಾತ್ರ ಗೊತ್ತು. ಹಳೆಯ ಗ್ರಾಫಿಕ್ಸ್ ಕಾರ್ಡು ಅಂಗೈಯಷ್ಟೇ ಇತ್ತು, ಬಡಪಾಯಿ, ಅದರ ಪುಟ್ಟ ಫ್ಯಾನು ಕಿರುಗುಟ್ಟುತ್ತಿತ್ತು, ಈ ಹೊಸದು ಇಟ್ಟಿಗೆಯಷ್ಟಿದೆ, ಒಳಗೆ ಹಿಡಿಸಲೇ ಇಲ್ಲ, ಆಗ ಅಪ್ಪ ತಗಡು ಕತ್ತರಿಸುವ ಕತ್ತರಿ ತಂದು, ಮಂಡಿಯೂರಿ ಕೂತು, ಒಳಗಿನ ಅಡ್ಡ ತಗಡನ್ನು ಅರ್ಧ ಕತ್ತರಿಸಿ, ಚೂಪು ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿಕೊಟ್ಟ – ಅತ್ತಿಗೆಯ ಬೆರಳು ಕುಯ್ಯಬಾರದು ಎಂದು. ಆರು ವರ್ಷ ಅವಳು ಇದರೊಳಗೆ ಕೈ ಹಾಕಿದ್ದಾಳೆ, ಎಷ್ಟು ಸಲ ಕುಯ್ದಿದೆ, ಅಪ್ಪನಿಗೆ ಅರ ನೆನಪಾಗಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಕಾರ್ಡು ಕೂರಿಸಲು ಬಂದ ರಿಪೇರಿಯವನು ಅವಳ ಕೈಯಿಂದ ಸ್ಕ್ರೂ ಇಸಿದುಕೊಳ್ಳುತ್ತ ಹೇಳಿದ್ದ, ನೋಡಮ್ಮ, ಕಾರ್ಡೇನೋ ಭರ್ಜರಿ, ಆದ್ರೆ ಈ ಪವರ್ ಡಬ್ಬಕ್ಕೆ ವಯಸ್ಸಾಗಿದೆ, ಮುದುಕನ ಹೆಗಲ ಮೇಲೆ ಪೈಲ್ವಾನನ್ನ ಕೂರಿಸಿದ ಹಾಗಾಯ್ತು, ಹೊಸ ಡಬ್ಬ ಬರೋಕೆ ಒಂದು ವಾರ ಬೇಕು, ಅಲ್ಲೀವರೆಗೂ ಆ ಗರಗಸದ ಮೆಷಿನ್ ಶುರು ಮಾಡೋವಾಗ ಇದು ಓಡ್ತಿರಬಾರದು, ಕರೆಂಟು ಒಂದು ಕ್ಷಣ ಕುಸಿದ್ರೂ ಇದು ಮಲಗಿಬಿಡತ್ತೆ, ನಿಮ್ಮತ್ತಿಗೆಗೆ ಹೇಳ್ಬಿಡು. ಅವಳು ತಲೆಯಾಡಿಸಿದ್ದಳು. ಆಗ ಗರಗಸದ ಚಕ್ರ ಸಾಣೆಗೆ ಹೋಗಿತ್ತು, ಮೆಷಿನ್ನು ಹಲ್ಲು ಕಳಚಿಕೊಂಡ ಮುದುಕಿಯ ಹಾಗೆ ಸುಮ್ಮನೆ ನಿಂತಿತ್ತು, ಹೇಳಿದರಾಯಿತು, ಚಕ್ರ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಚಕ್ರ ಇವತ್ತು ಬೆಳಿಗ್ಗೆ ಬಂತು.

ಹೇಳುವುದೇನು ದೊಡ್ಡ ವಿಷಯ, ಒಂದು ಮಾತು, ಅತ್ತಿಗೆ ಬಂದು ಕುರ್ಚಿ ಎಳೆದುಕೊಂಡು ಕೂತಾಗಲೂ ಹೇಳಬಹುದಿತ್ತು, ಏನ್ ಗುಬ್ಬಿ, ಬೆಳಿಗ್ಗೆ ಬೆಳಿಗ್ಗೆ ಕ್ಷೌರ ಮಾಡಿದ್ಯಾ ಇದಕ್ಕೆ, ಎಂದು ಅತ್ತಿಗೆ ನಕ್ಕಳು, ಗುಬ್ಬಿ ಅನ್ನುವುದು ಅಪ್ಪ ಇಟ್ಟ ಹೆಸರು, ಅಪ್ಪನ ಬಾಯಲ್ಲಿ ಮಾತ್ರ ಇದ್ದ ಹೆಸರು, ಅದನ್ನೂ ಮದುವೆಯಾಗಿ ಬಂದ ಏಳು ತಿಂಗಳಲ್ಲಿ ಇವಳು ಎತ್ತಿಕೊಂಡಾಯಿತು, ಕೇಳಿಯೂ ಇಲ್ಲ, ಅಡುಗೆಮನೆಯ ಡಬ್ಬಿಯಿಂದ ಸಕ್ಕರೆ ತೆಗೆದುಕೊಂಡಷ್ಟು ಸಲೀಸಾಗಿ. ಅತ್ತಿಗೆ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು, ಆದರೆ ತಟ್ಟೆಯಲ್ಲಿ ಕೊನೆಯ ತುಂಡು ಉಳಿದರೆ ಅವಳ ಕಡೆಗೆ ಸರಿಸುತ್ತಾಳೆ, ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಾಳೆ, ಅಂಥವಳ ಮೇಲೆ ಹೊಟ್ಟೆ ಉರಿದುಕೊಳ್ಳುವುದೂ ಒಂದು ಪಾಪ, ಆ ಪಾಪವೂ ಅವಳ ತಲೆಗೇ. ಅಮ್ಮ ಹಾಸಿಗೆ ಹಿಡಿದ ವರ್ಷ ಅವಳು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಳು, ಅಮ್ಮ ಹೋದ ಮೇಲೂ ಮತ್ತೆ ಹೋಗಲಿಲ್ಲ, ಯಾರೂ ಹೋಗು ಅನ್ನಲಿಲ್ಲ, ಶೆಡ್ಡಿನ ಮೂಲೆಯ ಈ ಗಾಜಿನ ಗೂಡಿನೊಳಗೆ ಬಂದು ಕೂತಳು, ಯಾರೋ ಬಿಟ್ಟುಹೋದ ಕಂಪ್ಯೂಟರು, ಒತ್ತಿ ಒತ್ತಿ ತಾನೇ ಕಲಿತಳು, ಗೆರೆ ಎಳೆಯುವುದು, ಅಳತೆ ಹಾಕುವುದು, ಒಂದು ಶೀಟ್ ಪ್ಲೈವುಡ್ಡಿನಲ್ಲಿ ಎಷ್ಟು ಬಾಗಿಲು ಎಷ್ಟು ಹಲಗೆ ಬರುತ್ತದೆಂದು ಅಂಗೈಯಗಲ ತುಂಡೂ ಉಳಿಯದ ಹಾಗೆ ಜೋಡಿಸುವುದು. ಅದು ಶುರುವಾಗದೆ ಹಟ ಹಿಡಿದಾಗ ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಹಲ್ಲುಗಳನ್ನು ತನ್ನ ಶಾಲೆಯ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದಳು, ಟಕ್ ಅಂತ ಸದ್ದು ಬರಬೇಕು, ಬರದಿದ್ದರೆ ಮತ್ತೊಮ್ಮೆ. ಗರಗಸ ಶುರುವಾದಾಗಲೆಲ್ಲ ಪರದೆ ನಡುಗುತ್ತಿತ್ತು, ಕೆಲವೊಮ್ಮೆ ಆರಿಯೇ ಹೋಗುತ್ತಿತ್ತು, ಎಷ್ಟು ಗೆರೆಗಳು ಹಾಗೆ ನೀರಲ್ಲಿ ಹೋಮವಾದವು, ಅಳುತ್ತಲೇ ಕಲಿತಳು – ಗಾಜಿನಾಚೆ ಮೇಸ್ತ್ರಿ ಅಂಗೈಯನ್ನು ಅಂಗಿಗೆ ಎರಡು ಸಲ ಒರೆಸುತ್ತಾನೆ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸುತ್ತಾನೆ, ಅಲ್ಲಿಂದ ಏಳು ಎಣಿಸುವಷ್ಟರಲ್ಲಿ ಸ್ವಿಚ್ಚು, ಆ ಏಳರೊಳಗೆ ಎರಡು ಗುಂಡಿ ಒತ್ತಿ ಸೇವ್ ಮಾಡಿಬಿಡಬೇಕು, ತಲೆ ಎತ್ತದೆಯೂ ಗೊತ್ತಾಗುತ್ತದೆ ಈಗ, ಮೇಸ್ತ್ರಿಯ ಚಪ್ಪಲಿಯ ಸದ್ದು ನಿಂತರೆ ಸಾಕು. ಇದನ್ನು ಯಾವ ಕೋರ್ಸಿನಲ್ಲಿ ಹೇಳಿಕೊಡುತ್ತಾರೆ? ಅತ್ತಿಗೆ ಎರಡು ವರ್ಷ ಕೋರ್ಸು ಓದಿ ಬಂದವಳು, ಮನೆಯನ್ನು ಒಳಗಿನಿಂದ ಚಿತ್ರ ಬರೆದು ತಿರುಗಿಸಿ ತೋರಿಸುವವಳು, ಕಳೆದ ವಾರ ಮೊದಲ ಸಲ ಇಲ್ಲಿ ಕೂತು ತಿರುಗಿಸಲು ಹೋದಾಗ ಪರದೆ ಹೆಪ್ಪುಗಟ್ಟಿ ನಿಂತಿತು, ಮಾವ, ಇದರಲ್ಲಿ ಆಗಲ್ಲ, ಕಾರ್ಡ್ ಬದಲಾಯಿಸಬೇಕು, ಎಂದಳು ಅಷ್ಟೇ, ಒಂದೇ ಸಲ, ಮೂರನೇ ದಿನಕ್ಕೆ ಹೊಸ ಕಾರ್ಡು ಬಂತು. ಅಪ್ಪ ಅಂಗೈಯ ಫೆವಿಕಾಲು ಉಜ್ಜಿ ತೆಗೆದು, ಹೆಗಲ ಬಟ್ಟೆಗೆ ಕೈ ಒರೆಸಿ, ಎರಡೂ ಕೈಯಲ್ಲಿ ಅದನ್ನು ಹಿಡಿದು ಕೊಟ್ಟ, ತಗೋ ತಾಯಿ, ಎಂದ. ಎರಡೂ ಕೈಯಲ್ಲಿ. ಅವಳಿಗೆ ಅಪ್ಪ ಏನು ಕೊಟ್ಟರೂ ಒಂದೇ ಕೈ, ಅದೂ ಮುಖ ಬೇರೆ ಕಡೆ, ಟೇಪು ಹಿಡಿ, ಮೊಳೆ ಹಿಡಿ, ಚೀಟಿ ಹಿಡಿ. ಆ ಕಿರುಗುಟ್ಟುವ ಫ್ಯಾನಿನ ಬಗ್ಗೆ ಅವಳೂ ಹೇಳಿದ್ದಳು, ಒಂದಲ್ಲ ಹತ್ತು ಸಲ, ಓಡ್ತಿದ್ಯಲ್ಲ ಗುಬ್ಬಿ, ಓಡೋವರೆಗೂ ಓಡ್ಲಿ ಬಿಡು, ಎಂದಿದ್ದ. ಹಿತ್ತಲ ಗಿಡ ಮದ್ದಲ್ಲ, ಯಾರು ಹೇಳಿದರೋ ಅವರ ಬಾಯಿಗೆ ಬೆಲ್ಲ ಹಾಕಬೇಕು. ಮೊನ್ನೆ ಊಟದ ಹೊತ್ತಿನಲ್ಲಿ ಅಪ್ಪ ಅಣ್ಣನಿಗೆ ಹೇಳುತ್ತಿದ್ದ, ಹಲ್ಲಿನ ಡಾಕ್ಟರಮ್ಮ ಒಪ್ಪಿಬಿಟ್ರೆ ಇಡೀ ಮನೆ ಕೆಲಸ ನಮಗೇ, ಆಮೇಲೆ ಕಂಪ್ಯೂಟರ್ ಪೂರ್ತಿ ನಿನ್ ಹೆಂಡ್ತಿಗೆ ಬಿಟ್ಟುಬಿಡೋಣ, ಗುಬ್ಬಿ ಬಾಗಿಲಿನ ಅಂಚುಪಟ್ಟಿ ಅಂಟಿಸೋದು ನೋಡ್ಕೊಳ್ಳಲಿ, ಅವಳಿಗೆ ಕೈ ಚುರುಕು. ಅಣ್ಣ ಹೂಂ ಎಂದ. ಅವಳು ಅಲ್ಲೇ ನೀರು ಬಡಿಸುತ್ತಿದ್ದಳು, ಲೋಟ ತುಂಬಿ ಹೊರಗೆ ಚೆಲ್ಲಿತು, ನೋಡ್ಕೊಂಡು ಬಡಿಸೇ, ಎಂದ ಅಣ್ಣ.

ಡಾಕ್ಟರಮ್ಮ ಬಂದರು, ಅವರ ಗಂಡನೂ ಬಂದರು, ಮಾತಾಡದ ಮನುಷ್ಯ, ಕಾರಿನ ಕೀಯನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತರು, ಅಪ್ಪ ಒಳಗೆ ಉಳಿದಿದ್ದ ಎರಡು ಕುರ್ಚಿಗಳನ್ನು ಅವರ ಕಡೆ ತಳ್ಳಿ ತಾನು ಬಾಗಿಲಿಗೆ ಆತು ನಿಂತ, ಅವಳು ಗಾಜಿನ ಪಕ್ಕದಲ್ಲಿ, ಅತ್ತಿಗೆಯ ಬೆನ್ನ ಹಿಂದೆ, ಕಸಬರಿಗೆ ನಿಲ್ಲಿಸುವ ಮೂಲೆಯಲ್ಲಿ. ಅತ್ತಿಗೆ ಮೌಸನ್ನು ಮೆಲ್ಲಗೆ ಎಳೆದಳು, ಮನೆ ತಿರುಗಿತು, ಎಣ್ಣೆ ಹಾಕಿದ ಬಾಗಿಲಿನ ಹಾಗೆ, ತಡವರಿಸದೆ, ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬಂದು ಕಟ್ಟೆಯ ಮೇಲೆ ಮಲಗಿತ್ತು, ಕಪಾಟಿನ ಗಾಜಿನಲ್ಲಿ ಎದುರು ಗೋಡೆಯ ನೆರಳು, ಅಯ್ಯೋ ಎಷ್ಟು ಚೆನ್ನಾಗಿದೆ, ಅವಳ ಒಳಗೇ ಯಾರೋ ಅಂದುಬಿಟ್ಟರು, ಅವಳು ಆರು ವರ್ಷ ಗೆರೆಗಳನ್ನಷ್ಟೇ ನೋಡಿದವಳು, ಆ ಗೆರೆಗಳೊಳಗೆ ಬಿಸಿಲು ಇರಬಹುದೆಂದು ತೋಚಿರಲೇ ಇಲ್ಲ – ಆದರೆ ಆ ಕಪಾಟು ಅವಳದೇ, ಅಳತೆ ಅವಳದು, ಮೂಲೆಯ ತಿರುಗುವ ಹಲಗೆ ಅವಳು ಯೋಚಿಸಿದ್ದು, ಅತ್ತಿಗೆ ಬಣ್ಣ ಬಳಿದಿದ್ದಾಳೆ ಅಷ್ಟೇ, ಇಲ್ಲ, ಅಷ್ಟೇ ಅಲ್ಲ, ಸುಳ್ಳು ಹೇಳಿಕೊಳ್ಳಬಾರದು. ಡಾಕ್ಟರಮ್ಮ ಮುಂದೆ ಬಾಗಿದರು, ಈ ಕಪಾಟು ಆ ಕಡೆ ಹೋಗ್ಲಿ, ಇದು ಸ್ವಲ್ಪ ಎತ್ತರಕ್ಕೆ, ಇಲ್ಲಿ ನಮ್ಮತ್ತೆ ಕೂತು ತರಕಾರಿ ಹೆಚ್ಚೋಕೆ ಒಂದು ಕಟ್ಟೆ ಬೇಕು, ಎಂದರು, ಅತ್ತಿಗೆ ಅವರ ಕಣ್ಣೆದುರಿಗೇ ಎಲ್ಲ ಸರಿಸಿದಳು, ಏರಿಸಿದಳು, ಅರ್ಧ ಗಂಟೆ, ಮುಕ್ಕಾಲು ಗಂಟೆ, ಒಂದು ಸಲವೂ ಸೇವ್ ಮಾಡಲಿಲ್ಲ, ಅವಳು ನೋಡುತ್ತಲೇ ಇದ್ದಳು, ಒಂದು ಸಲವೂ ಇಲ್ಲ, ಅಪ್ಪನ ಮುಖ ಅರಳಿತ್ತು, ಅಮ್ಮ ಹೋದ ಮೇಲೆ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ, ನಮ್ ಸೊಸೆ ಮೇಡಂ, ಎಲ್ಲ ಇವಳದೇ ಕೈ ಕೆಲಸ, ಎಂದ ಅಪ್ಪ. ಎಲ್ಲ ಇವಳದೇ. ಆಗ ಗಾಜಿನಾಚೆ ಮೇಸ್ತ್ರಿ ಸಾಣೆ ಹಿಡಿಸಿ ತಂದ ಚಕ್ರವನ್ನು ಬೆರಳಿನಿಂದ ತಟ್ಟಿ ನೋಡಿದ, ಶೀಟನ್ನು ಎತ್ತಿ ಮೇಜಿಗೆ ಇಟ್ಟ, ಅಂಗೈಯನ್ನು ಅಂಗಿಗೆ ಒರೆಸಿದ, ಇನ್ನೊಮ್ಮೆ ಒರೆಸಿದ, ಪೆನ್ಸಿಲು ಕಿವಿಗೆ ಹೋಯಿತು, ಒಂದು – ಹೇಳು, ಈಗಲೂ ಹೇಳಬಹುದು – ಎರಡು, ಗಾಜಿಗೆ ತಟ್ಟಿದರೂ ಸಾಕು, ಮೇಸ್ತ್ರಿ ತಲೆ ಎತ್ತುತ್ತಾನೆ – ಮೂರು, ಅತ್ತಿಗೆಯ ಹೆಗಲ ಮೇಲಿಂದ ಕೈ ಚಾಚಿದರೆ ಗುಂಡಿಗಳು ಸಿಗುತ್ತವೆ, ಮೊಳ ದೂರವಿಲ್ಲ – ನಾಲ್ಕು, ತಗೋ ತಾಯಿ, ಎರಡೂ ಕೈಯಲ್ಲಿ – ಐದು, ಗುಬ್ಬಿ ಅಂಚುಪಟ್ಟಿ ಅಂಟಿಸಲಿ – ಆರು, ಅವಳ ಕೈ ತನ್ನಷ್ಟಕ್ಕೆ ಎದ್ದಿತು, ಆದರೆ ಮುಂದೆ ಹೋಗಲಿಲ್ಲ, ಎರಡು ಬೆರಳು ಅವಳದೇ ತೊಡೆಯ ಮೇಲೆ ಇಳಿದು, ಬಟ್ಟೆಯ ಮೇಲಿಂದ ಗಟ್ಟಿಯಾಗಿ ಒತ್ತಿದವು, ಸೇವ್ – ಏಳು.

ಗರಗಸ ಕೂಗಿತು, ಮನೆ ಹೋಯಿತು. ನಡುಗಲೂ ಇಲ್ಲ, ಕಣ್ಣು ಮುಚ್ಚಿದಷ್ಟು ಸಲೀಸಾಗಿ ಹೋಯಿತು, ಎರಡು ಫ್ಯಾನುಗಳು ತಿರುಗಿ ತಿರುಗಿ ನಿಧಾನವಾದವು, ಅತ್ತಿಗೆ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು, ಒಳಗೆಲ್ಲೋ ಒಂದು ಸುಟ್ಟ ವಾಸನೆ, ಅಪ್ಪ ಹೊರಗೆ ಓಡಿ ನಿಲ್ಸೋ ಅದನ್ನ ಎಂದು ಮೇಸ್ತ್ರಿಗೆ ಕೈ ಬೀಸಿದ, ಗರಗಸ ಇಳಿಯುತ್ತ ಇಳಿಯುತ್ತ ಮೌನವಾಯಿತು, ಆ ಮೌನದಲ್ಲಿ ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು, ನನಗೆ ಪೇಷಂಟ್ ಕಾಯ್ತಿದ್ದಾರೆ, ಇನ್ನೊಂದು ಕಡೆನೂ ತೋರಿಸ್ತೀವಿ ಅಂದಿದ್ದಾರೆ, ನೋಡೋಣ, ಎಂದರು, ನೋಡೋಣ ಅನ್ನುವ ಮಾತಿನ ಅರ್ಥ ಮರಗೆಲಸದವರಿಗೆಲ್ಲ ಗೊತ್ತು. ಅಪ್ಪನ ಮುಖ ಹೇಗೆ ಮಡಚಿಕೊಂಡಿತು, ಅದು ಅವಳ ಲೆಕ್ಕದಲ್ಲಿ ಇರಲಿಲ್ಲ, ಅವಳು ಎಣಿಸುವಾಗ ಅಪ್ಪನ ಮುಖವನ್ನು ಎಣಿಸಿರಲಿಲ್ಲ, ನಂದೇ ತಪ್ಪು ಮಾವ, ನಾನು ಸೇವ್ ಮಾಡ್ಕೋಬೇಕಿತ್ತು, ಎಂದಳು ಅತ್ತಿಗೆ, ಅಪ್ಪ ಬಂದವರನ್ನು ಕಾರಿನವರೆಗೆ ಬಿಡಲು ಹೋದ, ಹೋಗುವಾಗ ಮೊದಲ ಸಲ ಕುಂಟಿದ ಹಾಗೆ ಕಂಡ. ಗೂಡಿನಲ್ಲಿ ಇಬ್ಬರೇ. ಈಗ ಬೈಯುತ್ತಾಳೆ, ಬೈಯಲಿ, ಬೈದರೆ ಸಮಸಮ ಆಗುತ್ತದೆ, ಅತ್ತಿಗೆ ಕುರ್ಚಿಯನ್ನು ಅರ್ಧ ತಿರುಗಿಸಿದಳು, ಅವಳ ಮುಖವನ್ನಲ್ಲ, ಕೈಯನ್ನು ನೋಡಿದಳು, ಬಹಳ ಹೊತ್ತು, ಗಾಜಿನಲ್ಲಿ ನಿನ್ನ ಕೈ ಕಾಣಿಸ್ತು ಗುಬ್ಬಿ, ಎಂದಳು, ನೀನು ಬೆರಳು ಒತ್ತಿದ್ದು ಮೊದಲು, ಗರಗಸದ ಸದ್ದು ಬಂದಿದ್ದು ಆಮೇಲೆ. ಅತ್ತಿಗೆಯ ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟು ಇರಬೇಕಿತ್ತು, ಎರಡು ಬೆರಳು, ತೊಡೆಯ ಮೇಲೆ, ತಾನು ಎತ್ತಿರಲೇ ಇಲ್ಲ, ಬಟ್ಟೆಯಲ್ಲಿ ಎರಡು ಗುಳಿ ಬಿದ್ದಿದೆ, ರಿಪೇರಿಯವನು ಹೇಳಿದ್ದ ಎಂದು ಹೇಳಲೇ, ಮರೆತೆ ಎಂದು ಹೇಳಲೇ, ಆ ಕಪಾಟು ನನ್ನದು ಎಂದು ಹೇಳಲೇ, ಹೊರಗೆ ಕಾರು ಶುರುವಾಗುತ್ತದೆ, ಎರಡು ಬೆರಳು, ಎತ್ತಬೇಕು, ಎತ್ತಲಾಗುತ್ತಿಲ್ಲ, ಉಗುರು ಬೆಳ್ಳಗಾಗಿದೆ, ಎರಡು ಬೆರಳು –

ಮುಂದಿನ ಸಲ ನಂಗೊಂದು ಮಾತು ಹೇಳು, ಎಂದಳು ಅತ್ತಿಗೆ.