ಎದೆಯ ಮೇಲಿನ ಬಿಳಿ

ಆ ಮನೆಗೆ ಸೊಸೆಯಾಗಿ ಬಂದವಳಿಗೆ ಮೊದಲು ಕಲಿಸಿದ್ದು ಸಕ್ಕರೆ ಡಬ್ಬಿ ಎಲ್ಲಿದೆ, ಉಪ್ಪಿನ ಡಬ್ಬಿ ಎಲ್ಲಿದೆ ಅಂತಲ್ಲ, ನಾಯಿಗಳ ವಂಶಾವಳಿ. ಯಾವ ಡಾಬರ್ಮನ್‌ಗೆ ಯಾರು ಅಪ್ಪ, ಯಾರು ಅಜ್ಜಿ, ಯಾವ ಮುತ್ತಜ್ಜ ಎಲ್ಲಿ ಕಪ್ ಹೊಡೆದ, ಎಲ್ಲ ಬಾಯಿಪಾಠ. ತನ್ನದೇ ಮುತ್ತಜ್ಜನ ಹೆಸರು ಕೇಳಿದರೆ ತಬ್ಬಿಬ್ಬಾಗುವ ಹುಡುಗಿ, ನಾಯಿಗಳದ್ದು ಕೇಳಿದರೆ ಗಡಗಡ ಒಪ್ಪಿಸುವ ಹಾಗಾದಳು. ಇರಲಿ ಬಿಡಿ, ಮನೆ ಅಂದಮೇಲೆ ಒಂದಲ್ಲ ಒಂದು ಹುಚ್ಚು ಇದ್ದೇ ಇರುತ್ತೆ.

ಮಾವನ ಹುಚ್ಚು ಶುದ್ಧ ತಳಿ. ಅದರಷ್ಟೇ ದೊಡ್ಡದು ಬೆರಕೆ ನಾಯಿಗಳ ಮೇಲಿನ ಸಿಟ್ಟು. ಪಕ್ಕದ ಮನೆಯಾಕೆ ಪೂಡಲ್ ಜೊತೆ ಸಿಕ್ಕಸಿಕ್ಕ ಜಾತಿ ಸೇರಿಸಿ ಗುಂಗುರು ಕೂದಲಿನ ಮರಿ ಮಾಡಿ ಮಾರುತ್ತಿದ್ದಳು. ಅವಳಿಗೆ ಮಾವ ಇಟ್ಟ ಹೆಸರು ಗುಂಗುರಮ್ಮ. ಗುಂಗುರಮ್ಮನ ಮರಿಗೆ ಜನ ಮುಗಿಬೀಳುತ್ತಿದ್ದರು, ಮಾವನ ಮರಿಗೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತಾ?

"ಎರಡು ಒಳ್ಳೇ ಸಾರು ಒಂದೇ ಪಾತ್ರೆಗೆ ಸುರಿದರೆ ಮೂರನೇ ಸಾರು ಆಗಲ್ಲ, ಕಲಗಚ್ಚು ಆಗುತ್ತೆ" ಅನ್ನುತ್ತಿದ್ದರು ಮಾವ. "ಸೊಂಟದ ಎಕ್ಸ್‌ರೇ ಇಲ್ಲ, ಹೃದಯದ ಪರೀಕ್ಷೆ ಇಲ್ಲ. ಕೂದಲು ನೋಡಿ ಮಾರ್ತಾಳೆ. ನಾಳೆ ಆ ಮರಿ ಕುಂಟಿದರೆ ಯಾರು ಕೇಳ್ತಾರೆ?" ಮಾತಿನಲ್ಲಿ ಸುಳ್ಳಿರಲಿಲ್ಲ, ಸೊಸೆಯೂ ಹೂಂಗುಟ್ಟುತ್ತಿದ್ದಳು. ಆದರೆ ಮಾವ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. "ನನ್ನ ಮನೇಲಿ ಬೆರಕೆ ಹುಟ್ಟಬಹುದು, ಕಣ್ಣು ಬಿಡಲ್ಲ" ಅಂತ ಸೇರಿಸುತ್ತಿದ್ದರು. ಹಾಗಂದರೇನು ಅಂತ ಅವಳು ಗಂಡನನ್ನು ಕೇಳಿದ್ದಳು. ಅವನು ಟೀವಿ ಸೌಂಡ್ ಜೋರು ಮಾಡಿದ್ದ.

ಈಗ ಆ ಮಾತು ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ತಪ್ಪು ಅವಳದ್ದೇ. ಮನೆಯ ಹೆಣ್ಣು ಡಾಬರ್ಮನ್ ಕಪ್ಪಿ ಬೆದೆಗೆ ಬಂದಾಗ ಮಾವ ದೂರದಿಂದ ಚಾಂಪಿಯನ್ ಗಂಡು ತರಿಸಿ ಜೋಡಿ ಮಾಡಿಸಿದ್ದರು. "ಆಯ್ತು ಅಂತ ಬಿಟ್ಟುಬಿಡಬೇಡ, ಇನ್ನೂ ಒಂದು ವಾರ ಒಳಗೇ ಇರಲಿ" ಅಂತ ಸಾರಿ ಸಾರಿ ಹೇಳಿದ್ದರು. ಆಗಬೇಕಾದ್ದು ಆಗಿಹೋಗಿದೆ, ಇನ್ನೇನು ಕಾಯೋದು ಅಂದುಕೊಂಡಳು ಇವಳು. ಪಾಪ, ಬಿಸಿಲು ಕಾಯಿಸಿಕೊಳ್ಳಲಿ ಅಂತ ಹಿತ್ತಲಿಗೆ ಬಿಟ್ಟಳು. ಬಟ್ಟೆ ಒಣಹಾಕಿ ತಿರುಗಿ ನೋಡುವಷ್ಟರಲ್ಲಿ ಗುಂಗುರಮ್ಮನ ಗಂಡುನಾಯಿ ಗೋಡೆ ಹಾರಿ ಬಂದಿತ್ತು. ಬಿಡಿಸೋಕೂ ಆಗಲಿಲ್ಲ, ಕೂಗೋಕೂ ಧೈರ್ಯ ಬರಲಿಲ್ಲ. ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಇಲ್ಲಿವರೆಗೆ ಅವಳು ನೆಮ್ಮದಿಯಾಗಿ ಒಂದು ತುತ್ತು ತಿಂದಿದ್ದರೆ ಕೇಳಿ. ಕಪ್ಪಿಯ ಹೊಟ್ಟೆ ಬೆಳೆದಂತೆ ಇವಳ ಭಯ ಬೆಳೆಯಿತು.

ದಿನ ತುಂಬಿ, ಒಂದು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಕಪ್ಪಿ ಮರಿ ಹಾಕತೊಡಗಿತು. ಮರದ ಪೆಟ್ಟಿಗೆ, ಹಳೇ ಪೇಪರು, ಬೆಚ್ಚಗಿರಲು ಒಂದು ಬಲ್ಬು. ಮಾವ ಮೊಣಕಾಲೂರಿ ಕೂತು ಒಂದೊಂದೇ ಮರಿ ಒರೆಸಿ, ತೂಗಿ, ಇವಳ ಕೈಗೆ ಕೊಡುತ್ತಿದ್ದರು. ಗಂಡ ಬಾಗಿಲಿಗೆ ಒರಗಿ ನಿಂತಿದ್ದ. ಬಂದ ಮರಿಯೆಲ್ಲ ಕಪ್ಪು, ನುಣುಪು, ಕಾಲಿನ ಹತ್ತಿರ ಕಂದು. ಪ್ರತಿ ಮರಿಗೂ ಇವಳು ಉಸಿರು ಬಿಗಿಹಿಡಿದು, ಆಮೇಲೆ ಬಿಡುತ್ತಿದ್ದಳು. ಬಚಾವಾದೆ ಅಂದುಕೊಳ್ಳುವಾಗ ಕೊನೆಯದು ಬಂತು. ಅದರ ಎದೆಯ ಮೇಲೆ ಹೆಬ್ಬೆರಳಗಲ ಬಿಳಿ.

ಮಾವ ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು. ಮತ್ತೆ ತಿರುಗಿಸಿ ನೋಡಿದರು. ಆ ಕೈಯಲ್ಲಿ ಮರಿಯ ಕುತ್ತಿಗೆ ಇಷ್ಟೇ ಇಷ್ಟಿತ್ತು. ಇವಳಿಗೆ ತಡೆಯಲಾಗಲಿಲ್ಲ.

"ಮಾವ, ಅದನ್ನ ಏನೂ ಮಾಡಬೇಡಿ. ತಪ್ಪು ನಂದು."

"ಏನು ತಪ್ಪು?"

ಹೇಳಿಬಿಟ್ಟಳು. ಹಿತ್ತಲು, ಬಿಸಿಲು, ಗೋಡೆ ಹಾರಿದ ನಾಯಿ, ಒಂದೂ ಬಿಡದೆ. ಅಳು ಬರುತ್ತಿತ್ತು, ಆದರೂ ಎದೆ ಹಗುರಾಯಿತು.

ಮಾವ ಮರಿಯನ್ನು ಮೆಲ್ಲಗೆ ಕಪ್ಪಿಯ ಹೊಟ್ಟೆಗೆ ಇಟ್ಟರು. "ಕಪ್ಪಿಯ ಅಜ್ಜಿಗೂ ಎದೆ ಮೇಲೆ ಹೀಗೇ ಬಿಳಿ ಇತ್ತು. ಶುದ್ಧ ತಳೀಲೂ ಒಂದೊಂದು ಸಲ ಬರುತ್ತೆ. ಅಜ್ಜೀದೇ ಅಲ್ವಾ ಅಂತ ನೋಡ್ತಾ ಇದ್ದೆ" ಅಂದರು.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು.

"ಹಾಗಾದರೆ ಅದು ನಮ್ಮದೇ ಅಲ್ವಾ ಮಾವ? ಚಾಂಪಿಯನ್‌ದೇ ಅಲ್ವಾ?"

"ಯಾರಿಗೆ ಗೊತ್ತು? ಒಂದೇ ಬೆದೇಲಿ ಎರಡು ಗಂಡು ಸೇರಿದರೆ ಒಂದೇ ಹೊಟ್ಟೇಲಿ ಇಬ್ಬರದ್ದೂ ನಿಲ್ಲುತ್ತೆ. ಅದಕ್ಕೇ ಅಲ್ವಾ ನಾನು ಬಡ್ಕೊಂಡಿದ್ದು?" ಮಾವ ಪೆಟ್ಟಿಗೆಯತ್ತ ಕೈ ತೋರಿಸಿದರು. "ಇದರಲ್ಲಿ ಯಾವುದು ಅವನದು, ಯಾವುದು ಇವನದು? ನೀನು ಹೇಳ್ತೀಯಾ? ಗುಂಗುರು ಈಗಲೇ ಕಾಣಲ್ಲ."

ಒಂದು ಮರಿಯ ಚಿಂತೆಯಲ್ಲಿದ್ದವಳಿಗೆ ಈಗ ಇಡೀ ಪೆಟ್ಟಿಗೆ ಕಣ್ಣಿಗೆ ಬಿತ್ತು. ಎಲ್ಲವೂ ಒಂದರ ಮೇಲೊಂದು ಬಿದ್ದು ಚೀಪುತ್ತಿದ್ದವು.

"ಪರೀಕ್ಷೆ ಮಾಡಿಸಬಹುದಲ್ಲ ಮಾವ. ಅಪ್ಪ ಯಾರು ಅಂತ ಗೊತ್ತಾಗುತ್ತಂತಲ್ಲ."

"ಪರೀಕ್ಷೆಗೆ ಕಳಿಸಿದ ದಿನವೇ ನಾಯಿ ಸಾಕೋರ ಕ್ಲಬ್ಬಿಗೆ ಗೊತ್ತಾಗುತ್ತೆ. ಇಷ್ಟು ವರ್ಷ ಮೈಕು ಹಿಡಿದು ಬೆರಕೆಯವರನ್ನ ಬೈದವನ ಮನೇಲೇ ಬೆರಕೆ ಅಂತ ನಗ್ತಾರೆ. ಗುಂಗುರಮ್ಮ ಗೋಡೆ ಮೇಲೆ ನಿಂತು ನಗ್ತಾಳೆ."

ಮಾವ ಕೈ ಚಾಚಿ ಕಿಟಕಿ ಬಾಗಿಲು ಎಳೆದುಕೊಂಡರು. ಅವರಿಗೂ ಭಯ ಅಂತ ಅವಳಿಗೆ ಆಗ ಗೊತ್ತಾಯಿತು. ಸಿಟ್ಟಾಗಿದ್ದರೆ ಕಾಲು ಹಿಡಿದು ಬೇಡಿಕೊಳ್ಳಬಹುದಿತ್ತು. ಹೆದರಿದ ಮನುಷ್ಯನನ್ನು ಏನಂತ ಬೇಡಿಕೊಳ್ಳೋದು?

"ನಾನು ಸಾಕ್ತೀನಿ. ಯಾರಿಗೂ ಗೊತ್ತಾಗದ ಹಾಗೆ ದೂರ ಕೊಟ್ಟುಬಿಡ್ತೀನಿ."

"ನಾಯಿ ಹೋದಲ್ಲೆಲ್ಲ ನನ್ನ ಹೆಸರು ಹೋಗುತ್ತೆ ಕಣಮ್ಮ" ಅಂದರು ಮಾವ. ಎದ್ದು, ಕಪ್ಪಿಯ ಕುತ್ತಿಗೆಗೆ ಹಗ್ಗ ಹಾಕಿ ಎಬ್ಬಿಸಿದರು. ಕಪ್ಪಿ ಏಳಲೊಲ್ಲದು. ಎಳೆದುಕೊಂಡು ಹಿತ್ತಲಿಗೆ ಹೋದರು. ಹಾಲು ಬಾಯಿಂದ ತಪ್ಪಿದ ಮರಿಗಳು ಕುಂಯ್‌ಗುಟ್ಟತೊಡಗಿದವು.

ಅವಳು ಮರಿಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡು ಎದ್ದಳು. ಎಲ್ಲಿಗೆ ಅಂತ ಗೊತ್ತಿರಲಿಲ್ಲ, ಬೀದಿಗಾದರೂ ಸರಿ. ಗಂಡ ಇದ್ದಾನಲ್ಲ, ಇರುವೆ ತುಳಿದರೂ ಅಯ್ಯೋ ಅನ್ನುವವನು, ಗಾಡಿ ತೆಗಿ ಅಂದರೆ ತೆಗೆದಾನು. ಬಾಗಿಲ ಕಡೆ ತಿರುಗಿದಳು. ಅಲ್ಲಿ ಒರಗಿ ನಿಂತಿದ್ದ ಗಂಡ ಇರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸುತ್ತಿತ್ತು. ಆಮೇಲೆ ನಿಂತಿತು.

ಅವನು ತುಂಬಿದ ಬಕೆಟ್ಟು ಹಿಡಿದು ಬಂದ. ನೆಲಕ್ಕೆ ಚೆಲ್ಲದ ಹಾಗೆ ಜೋಪಾನವಾಗಿ ಇಟ್ಟ. ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ತೋಳು ಮಡಚಿ, ಎಳೇ ಕೂಸಿಗೆ ಎರೆಯುವ ಮುಂಚೆ ನೋಡುತ್ತಾರಲ್ಲ, ಹಾಗೆ ಮೊಣಕೈ ಅದ್ದಿ ಹದ ನೋಡಿದ.

"ಬಿಸಿನೀರು ಸೇರಿಸಿದೀನಿ" ಅಂದ, ಅವಳಿಗೆ ಸಮಾಧಾನ ಆಗಲಿ ಅನ್ನುವ ದನಿಯಲ್ಲಿ. "ತಣ್ಣೀರಾದರೆ ಒದ್ದಾಡ್ತವೆ, ಪಾಪ."

ಇಷ್ಟು ದಿನ ಅವಳಿಗೆ ಮಾವನ ಭಯ ಇತ್ತು, ಇವನ ಭಯ ಇರಲಿಲ್ಲ. ಅವಳು ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದಳು. ಅವನು ನಿಧಾನಕ್ಕೆ ಹತ್ತಿರ ಬಂದು, ಎರಡೂ ಕೈ ಚಾಚಿದ.

"ಕೊಡು ಇಲ್ಲಿ, ನಿನಗೆ ಭಾರ ಆಗುತ್ತೆ" ಅಂದ.