ಸೀರೆ ಬಿಡುವ ಪಪ್ಪಾಯಿ ಗಿಡ

ಸಂಗೊಳ್ಳಿಯ ಗುರುಬಸವ್ವನ ಹಿತ್ತಲಲ್ಲಿ ಪಪ್ಪಾಯಿ ಮಿಡಿಗಳು ಉದುರುತ್ತಿದ್ದವು. ಬೆಳಗ್ಗೆ ಕಸ ಹೊಡೆಯಲು ಹೋದರೆ ಕಸಬರಿಗೆಯ ಮುಂದೆ ಅವೇ ಉರುಳುತ್ತಿದ್ದವು. ಗಿಡದಲ್ಲಿ ಉಳಿದ ಕೆಲವು ಕಾಯಿ ಮುಷ್ಟಿಗಿಂತ ದೊಡ್ಡವಾಗಲಿಲ್ಲ. ಹಣ್ಣಾದ ಮೇಲೆ ಕೊಯ್ದರೆ ಒಳಗೆ ಒಂದೂ ಬೀಜವಿಲ್ಲ.

ಗಂಡ ಮಡಿವಾಳೆಪ್ಪನಿಗೆ ಇದೇ ಹೆಮ್ಮೆಯಾಯಿತು. ಹೋಳು ಹಿಡಿದು ಕಟ್ಟೆಯ ಮೇಲೆ ಕುಂತವರಿಗೆಲ್ಲ ತೋರಿಸಿದ.

"ವಿಜಾಪುರದ ದ್ರಾಕ್ಷಿಯಂಗ ಸೀಡ್‌ಲೆಸ್ ಪಪ್ಪಾಯಿ ನೋಡ್ರಿ! ಉಗಳೂ ಕೆಲಸಾನ ಇಲ್ಲ, ಸೀದಾ ನುಂಗೂದು!"

ಗುರುಬಸವ್ವನೂ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಮಗಳು ವಿಜಯಳನ್ನು ರಾಮದುರ್ಗಕ್ಕೆ ಕೊಡುವುದೆಂದು ಗೊತ್ತಾಗಿತ್ತು, ಸುಗ್ಗಿ ಮುಗಿದ ಮೇಲೆ ಲಗ್ನ. ಗುರುಬಸವ್ವನ ತವರು ಹೂಲಿ. ಅವಳ ಲಗ್ನದಲ್ಲಿ ತಾಯಿ ಉಡಿ ತುಂಬುವಾಗ ಅಕ್ಕಿಯ ಜೊತೆ ಹಿತ್ತಲ ಪಪ್ಪಾಯಿಯ ಬೀಜವನ್ನೂ ಗಂಟು ಕಟ್ಟಿ ಇಟ್ಟಿದ್ದಳು. ಕೆಂಪು ತಿರುಳು, ಕಲ್ಲುಸಕ್ಕರೆಯಂಥ ರುಚಿ. ಹೂಲಿಯಲ್ಲಿ ಆ ಗಿಡ ಬಿದ್ದು ಎಷ್ಟೋ ವರ್ಷವಾಗಿತ್ತು. ಪಪ್ಪಾಯಿ ಬಹಳ ಕಾಲ ಬಾಳುವ ಗಿಡವಲ್ಲ, ಬೀಜದಿಂದ ಬೀಜಕ್ಕೆ ದಾಟಿಸಿ ಗುರುಬಸವ್ವ ಅದನ್ನು ಉಳಿಸಿಕೊಂಡಿದ್ದಳು. ಈಗ ಹಿತ್ತಲಲ್ಲಿ ಇದ್ದವು ಎರಡೇ ಗಿಡ. ಡಬ್ಬಿಯೊಳಗಿನ ಹಳೆಯ ಬೀಜ ಊರಿ ನೋಡಿದಳು, ಮೊಳೆಯಲಿಲ್ಲ.

"ಬೀಜಾ ಇಲ್ಲಂದ್ರ ವಿಜಯಾನ ಉಡಿಯಾಗ ಏನಿಡ್ಲಿ?" ಎಂದು ಕೇಳಿದಳು.

"ಪ್ಯಾಟ್ಯಾಗ ಸಿಗತಾವಲ್ಲ!" ಎಂದ ಮಡಿವಾಳೆಪ್ಪ.

"ಪ್ಯಾಟ್ಯಾಗ ನಮ್ಮವ್ವನ ಗಿಡಾ ಸಿಗತೈತೇನು?"

ಶ್ರಾವಣದ ಒಂದು ಮಧ್ಯಾಹ್ನ ಸ್ತ್ರೀಶಕ್ತಿ ಸಂಘದ ಸಭೆ ಗುರುಬಸವ್ವನ ಪಡಸಾಲೆಯಲ್ಲೇ ಸೇರಿತು. ಸಭೆ ಮುಗಿದ ಮೇಲೆ ಅಂಗನವಾಡಿ ಟೀಚರ್ ಶೈಲಜಾಳನ್ನು ಅವಳು ಹಿತ್ತಲಿಗೆ ಕರೆದೊಯ್ದಳು. ಶೈಲಜಾ ಕೈತೋಟದ ತರಬೇತಿಗೆ ಕಿತ್ತೂರಿಗೆ ಹೋಗಿ ಬಂದಿದ್ದಳು. ಗಿಡಗಳ ಸುತ್ತ ಒಂದು ಸುತ್ತು ಹಾಕಿ ಕೇಳಿದಳು:

"ಗಂಡು ಗಿಡಾ ಎಲ್ಲಿ?"

"ಉದ್ದನ್ನ ದಂಟಿಗೆ ಸಣ್ಣ ಸಣ್ಣ ಹೂ ಜೋತಾಡತಿದ್ವಲ್ಲ, ಅದಾ?" ಎಂದ ಹಿಂದೆಯೇ ಬಂದಿದ್ದ ಮಡಿವಾಳೆಪ್ಪ. "ಸಂಕ್ರಾಂತಿ ಮುಂದ ಕಡದ ಒಗದೆ. ನೀರು ಕುಡೀತಿತ್ತು, ಒಂದ ಕಾಯಿ ಬಿಡತಿದ್ದಿಲ್ಲ, ಸೋಮಾರಿ!"

"ಅಯ್ಯ ಕಾಕಾ, ಗಿಡಾ ಅಲ್ರಿ, ಬೀಜಾನ ಕಡದ ಒಗದ್ರಿ!"

"ಗಿಡದಾಗ ಗಂಡು ಹೆಣ್ಣಾ? ಹಂಗಾರ ಅವಕ್ಕ ಲಗ್ನಾ ಮಾಡಸೂ ಅಯ್ಯನಾರು ಯಾರವಾ?"

"ಸಂಜೀಕ ಹಾರಾಡೂ ಪತಂಗ, ಬೀಸೂ ಗಾಳಿ. ಗಂಡು ಹೂವಿನಾಗ ಹಳದಿ ಪುಡಿ ಇರತೈತ್ರಿ. ಅದು ಈ ಹೆಣ್ಣು ಹೂವಿನ ತುದಿಗೆ ಮುಟ್ಟಿದ್ರನ ಒಳಗ ಬೀಜಾ ಕಟ್ಟತೈತಿ. ಬೀಜಾ ಕಟ್ಟಿದ್ರ ಕಾಯಿ ನಿಂತು ದೊಡ್ಡದಾಗತೈತಿ. ಇಲ್ಲಂದ್ರ ಉದರತೈತಿ, ಉಳದಿದ್ದು ಹಿಂಗ ಸಣ್ಣದಾಗಿ ಬೀಜಾ ಇಲ್ದ ಹಣ್ಣಾಗತೈತಿ."

ಶೈಲಜಾ ಕಾಂಡಕ್ಕೆ ಅಂಟಿಕೊಂಡಿದ್ದ ದಪ್ಪ ಹೂವೊಂದನ್ನು ತೋರಿಸಿದಳು. ಅದರ ಬುಡದಲ್ಲಿ ಗುಂಡನೆಯ ಪುಟ್ಟ ಮಿಡಿ ಇತ್ತು.

"ಇದು ಹೆಣ್ಣು ಹೂ. ಗಂಡು ಹೂ ಸಿಕ್ಕರ ಕೈಯಿಂದಾನೂ ಮುಟ್ಟಸಬಹುದು. ಊರಾಗ ಯಾರ ಮನ್ಯಾಗರ ಗಂಡು ಗಿಡಾ ಉಳದೈತೇನ್ರಿ?"

ಗುರುಬಸವ್ವ ಸ್ವಲ್ಪ ಯೋಚಿಸಿ ನಗತೊಡಗಿದಳು.

"ಐತಿ! ಮುದಕವ್ವನ ಮನ್ಯಾಗ. ನಾನ ಕೊಟ್ಟ ಸಸಿ ಅದು, ಇದರ ತಮ್ಮ!"

ಮಡಿವಾಳೆಪ್ಪನ ಮುಖ ಸಣ್ಣದಾಯಿತು. ಮುದಕವ್ವನ ಮನೆ ಊರಿನ ಇನ್ನೊಂದು ತುದಿಗೆ. ಅವಳು ಆ ಗಿಡಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ಆ ದಾರಿಯಲ್ಲಿ ಹೋದಾಗಲೆಲ್ಲ ಮಡಿವಾಳೆಪ್ಪ, "ಯಕ್ಕಾ, ಎಲ್ಲಾರ ಗಿಡಾ ಕಾಯಿ ಬಿಟ್ರ ನಿಂದು ಸೀರಿ ಬಿಡತೈತೆಲ್ಲ!" ಎಂದು ಅಣಕಿಸಿ ನಾಲ್ಕು ಜನರನ್ನು ನಗಿಸುತ್ತಿದ್ದ.

"ನೀವ ಹೋಗಿ ಕೇಳ್ರಿ. ಕೊಡ್ಲಿ ಹಿಡದಾವರು ನೀವ," ಎಂದಳು ಗುರುಬಸವ್ವ.

ಅವನು ಸಂಜೆ ಹೋದ. ಹೆಂಡತಿ ಹಿಂದೆಯೇ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದಳು.

"ಬಾರಪಾ ತಮ್ಮಾ," ಎಂದಳು ಮುದಕವ್ವ. "ಸೀರಿ ಬೇಕಾಗಿತ್ತೇನು? ಹಸರದ ಕೊಡ್ಲ್ಯೋ, ಕೆಂಪದ ಕೊಡ್ಲ್ಯೋ?"

"ಒಂದೀಟು ಹೂ ಬೇಕಾಗಿತ್ತ ಯಕ್ಕಾ..."

"ಆಂ? ಜೋರಾಗಿ ಹೇಳ, ಕಿವಿ ಕೇಳವಲ್ದು!"

ಎರಡು ಸಲ ಜೋರಾಗಿ ಹೇಳಿಸಿದ ಮೇಲೆ ಅವಳು ತಾನೇ ಹೂವಿನ ಗೊಂಚಲು ಕಿತ್ತು ಅವನ ಟೋಪಿಯೊಳಗೆ ಹಾಕಿದಳು.

ಹಿತ್ತಲಲ್ಲಿ ಶೈಲಜಾ ಆಗತಾನೆ ಅರಳಿದ ಗಂಡು ಹೂವಿನ ಎಸಳು ಬಿಡಿಸಿ, ಹಳದಿ ಪುಡಿಯನ್ನು ಅರಳಿದ ಹೆಣ್ಣು ಹೂವಿನ ತುದಿಗೆ ಮೆಲ್ಲಗೆ ಸವರಿದಳು. ಮುಂದಿನ ಹೂಗಳಿಗೆ ಗುರುಬಸವ್ವನೇ ಸವರಿದಳು. ಸಂಘದ ಹೆಂಗಸರು ನಗುತ್ತ ಸೋಬಾನ ಹಾಡಿದರು. ಮಡಿವಾಳೆಪ್ಪ ಮಾತ್ರ ಇನ್ನೂ ನಂಬಿರಲಿಲ್ಲ.

"ಒಂದ ಗಿಡಕ್ಕ ಮಾಡ್ರಿ, ಇನ್ನೊಂದಕ್ಕ ಬ್ಯಾಡ. ನೋಡೇಬಿಡೂನು," ಎಂದ.

ಎರಡಕ್ಕೂ ಅದೇ ಮಣ್ಣು, ಅದೇ ನೀರು. ದೀಪಾವಳಿಯ ಹೊತ್ತಿಗೆ ಪುಡಿ ಸವರದ ಗಿಡದ ಕೆಳಗೆ ಮಿಡಿ ಉದುರುತ್ತಲೇ ಇದ್ದವು. ಇನ್ನೊಂದರ ಕೊರಳಲ್ಲಿ ತಂಬಿಗೆಯಂಥ ಕಾಯಿ ತೂಗುತ್ತಿದ್ದವು. ಮಡಿವಾಳೆಪ್ಪ ದಿನಾ ಬಂದು ನೋಡುತ್ತಿದ್ದ, ಯಾರಾದರೂ ಕಂಡರೆ ಹಲ್ಲುಕಡ್ಡಿ ಮುರಿಯಲು ಬಂದವನ ಹಾಗೆ ಬೇವಿನ ಗಿಡದ ಕಡೆ ತಿರುಗುತ್ತಿದ್ದ.

ಮೊದಲ ಹಣ್ಣು ಮಾಗಿದಾಗ ಗುರುಬಸವ್ವ ಈಳಿಗೆಮಣೆಯ ಮುಂದೆ ಕುಂತಳು. ಹಣ್ಣು ಎರಡು ಹೋಳಾಯಿತು. ಕೆಂಪು ತಿರುಳಿನ ನಡುವೆ ಕರಿಮಣಿಯಂಥ ಬೀಜಗಳು ತುಂಬಿ ಹೊಳೆಯುತ್ತಿದ್ದವು.

"ಅವ್ವಾ, ನಿನ್ನ ಗಿಡಾ ಉಳೀತ," ಎಂದಳು ಅವಳು, ಹೂಲಿಯ ದಿಕ್ಕಿಗೆ ಮುಖ ಮಾಡಿ.

ಬೀಜದ ಲೋಳೆಯನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ನೆರಳಲ್ಲಿ ಒಣಗಿಸಿದಳು. ಲಗ್ನದ ದಿನ ವಿಜಯಳ ಉಡಿಯಲ್ಲಿ ಅಕ್ಕಿಯ ಜೊತೆ ಆ ಗಂಟೂ ಬಿತ್ತು.

ಉಡುಗೊರೆ ಕೊಡುವ ಆಯೇರಿಯ ಹೊತ್ತಿಗೆ ಮಡಿವಾಳೆಪ್ಪ ಹಸಿರು ಸೀರೆಯೊಂದನ್ನು ಹಿಡಿದು ಮುದಕವ್ವನ ಮುಂದೆ ನಿಂತ.

"ತಗೋ ಯಕ್ಕಾ. ನಿನ್ನ ಗಿಡಾ ಖರೇನ ಸೀರಿ ಬಿಟ್ಟೈತಿ."

ಅವ್ವಗಳಿರಾ, ಅಣ್ಣಗಳಿರಾ, ನಿಮ್ಮ ಹಿತ್ತಲಲ್ಲೂ ಪಪ್ಪಾಯಿ ಇರಬಹುದು. ನಾಟಿ ಬೀಜದ ಪಪ್ಪಾಯಿ ಸಸಿ ಗಂಡೋ ಹೆಣ್ಣೋ ಹೂ ಬಿಡುವ ತನಕ ತಿಳಿಯುವುದಿಲ್ಲ. ಅದಕ್ಕೆ ಒಂದು ಗುಂಡಿಗೆ ಮೂರ್ನಾಲ್ಕು ಸಸಿ ಹಚ್ಚಿ, ಹೂ ನೋಡಿ ಆರಿಸಿ. ಹತ್ತು ಹೆಣ್ಣು ಗಿಡಕ್ಕೆ ಒಂದು ಗಂಡು ಗಿಡ ಸಾಕು, ಆದರೆ ಆ ಒಂದು ಇರಲೇಬೇಕು. ಹೂ ಬಿಟ್ಟಾಗ ಹುಳು ಕೊಲ್ಲುವ ಎಣ್ಣೆ ಹೊಡೆಯಬೇಡಿ, ಪತಂಗ ಸಾಯುತ್ತವೆ. ಒಳ್ಳೆಯ ಬೀಜವಿದ್ದರೆ ಊರಿನ ನಾಲ್ಕು ಮನೆಗೆ ಹಂಚಿ. ಗುರುಬಸವ್ವ ಅಂದು ಒಂದು ಸಸಿ ಕೊಟ್ಟಿರದಿದ್ದರೆ, ಇಂದು ರಾಮದುರ್ಗದಲ್ಲಿ ವಿಜಯಳ ಹಿತ್ತಲಲ್ಲಿ ಹೂಲಿಯ ಪಪ್ಪಾಯಿ ಚಿಗುರುತ್ತಿರಲಿಲ್ಲ. ಕೊಡಲಿ ಎತ್ತುವ ಮೊದಲು ಒಮ್ಮೆ ಆ ಹೂವನ್ನು ನೋಡಿ.